ಲದ್ದಿಯಿಂದ ಗೊಬ್ಬರ: ಬಿಸಿಯಾಗುವ ರಾಶಿಯ ಗುಟ್ಟು

ಮಕ್ಕಳೇ, ಆಕಳು, ಎಮ್ಮೆ ಹಾಕುವುದಕ್ಕೆ ಸಗಣಿ ಎನ್ನುತ್ತೇವೆ. ನಮ್ಮ ಕಡೆ ಹೆಂಡಿ ಎಂದರೂ ಅದೇ. ಕುರಿ, ಆಡು ಹಾಕುವುದು ಹಿಕ್ಕೆ. ಕುದುರೆ, ಕತ್ತೆ, ಆನೆ ಹಾಕುವುದು ಲದ್ದಿ. ಒಂದೇ ಕೆಲಸಕ್ಕೆ ಇಷ್ಟು ಹೆಸರು ಏಕೆ ಎಂದು ಎಂದಾದರೂ ಯೋಚಿಸಿದ್ದೀರಾ?

ಹೆಸರು ಬೇರೆ ಇರುವುದಕ್ಕೆ ಕಾರಣವಿದೆ. ವಸ್ತುವೇ ಬೇರೆ. ಸಗಣಿ ಹಸಿಯಾಗಿ, ನುಣ್ಣಗೆ ಇರುತ್ತದೆ. ಅದರಿಂದ ನೆಲ ಸಾರಿಸಬಹುದು, ಕುಳ್ಳು ತಟ್ಟಬಹುದು. ಹಿಕ್ಕೆ ಗಟ್ಟಿಯಾದ ಸಣ್ಣ ಗುಂಡು. ಲದ್ದಿ ಉಂಡೆಯಾಗಿ ಬಿದ್ದರೂ ಕೋಲಿನಿಂದ ತಟ್ಟಿದರೆ ಒಡೆದು ಉದುರುತ್ತದೆ. ಅದರೊಳಗೆ ಹುಲ್ಲಿನ ಎಳೆಗಳು ಬರಿಗಣ್ಣಿಗೇ ಕಾಣುತ್ತವೆ. ಈ ಎಳೆಗಳಲ್ಲೇ ಇವತ್ತಿನ ಪಾಠದ ಗುಟ್ಟಿದೆ. ಶಾಲೆಯ ಕೈತೋಟಕ್ಕೆ ಲದ್ದಿಯಿಂದ ಒಳ್ಳೆಯ ಗೊಬ್ಬರ ಮಾಡುವುದು ಹೇಗೆ, ಮಾಡುವಾಗ ಏನು ನಡೆಯುತ್ತದೆ ಎಂಬುದನ್ನು ನೋಡೋಣ.

ಒಂದೇ ಹುಲ್ಲು, ಎರಡು ಹೊಟ್ಟೆ

ಆಕಳು, ಎಮ್ಮೆ, ಕುರಿ, ಆಡು ಮೆಲುಕು ಹಾಕುವ ಪ್ರಾಣಿಗಳು. ಇವುಗಳ ಹೊಟ್ಟೆಯಲ್ಲಿ ನಾಲ್ಕು ಭಾಗಗಳಿವೆ. ತಿಂದ ಮೇವು ಮೊದಲು ದೊಡ್ಡ ಚೀಲದಂಥ ಭಾಗಕ್ಕೆ ಹೋಗುತ್ತದೆ. ಅಲ್ಲಿರುವ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಕೊಳೆಸುತ್ತವೆ. ಅರ್ಧ ಕೊಳೆತ ಮೇವು ಮತ್ತೆ ಬಾಯಿಗೆ ಬರುತ್ತದೆ. ಪ್ರಾಣಿ ಅದನ್ನು ನಿಧಾನವಾಗಿ ಇನ್ನೊಮ್ಮೆ ಅಗಿದು ನುಂಗುತ್ತದೆ. ಹೀಗೆ ಎರಡು ಮೂರು ದಿನ ಮೇವು ಹೊಟ್ಟೆಯಲ್ಲಿ ಇರುತ್ತದೆ. ಹೊರಗೆ ಬರುವಾಗ ನಾರು ಸಣ್ಣ ಚೂರಾಗಿರುತ್ತದೆ.

ಕುದುರೆ ಮೆಲುಕು ಹಾಕುವುದಿಲ್ಲ. ಅದರ ಹೊಟ್ಟೆ ಒಂದೇ ಭಾಗದ್ದು. ನಾರನ್ನು ಕೊಳೆಸುವ ಸೂಕ್ಷ್ಮಜೀವಿಗಳು ಅದರ ದೇಹದಲ್ಲೂ ಇವೆ. ಆದರೆ ಅವು ಇರುವುದು ಕರುಳಿನ ಕೊನೆಯ ಭಾಗದಲ್ಲಿ, ಸೀಕಮ್ ಎಂಬ ದೊಡ್ಡ ಚೀಲದಲ್ಲಿ ಮತ್ತು ದೊಡ್ಡ ಕರುಳಿನಲ್ಲಿ. ಅಲ್ಲಿಂದ ಮೇವು ಮತ್ತೆ ಬಾಯಿಗೆ ಬರುವಂತಿಲ್ಲ. ಒಂದೆರಡು ದಿನಗಳಲ್ಲೇ ಹೊರಗೆ ಬಂದುಬಿಡುತ್ತದೆ. ಆದ್ದರಿಂದ ಲದ್ದಿಯಲ್ಲಿ ಜೀರ್ಣವಾಗದ ನಾರು ಹೆಚ್ಚು. ಕತ್ತೆ ಮತ್ತು ಆನೆಯ ಕಥೆಯೂ ಇದೇ. ಲದ್ದಿ ಎಂಬ ಒಂದೇ ಹೆಸರಿನಲ್ಲಿ ಹಿರಿಯರು ಈ ಮೂರನ್ನೂ ಸೇರಿಸಿದ್ದು ಎಷ್ಟು ಸರಿಯಾಗಿದೆ ನೋಡಿ!

ಈ ನಾರಿನಿಂದ ಗೊಬ್ಬರ ಮಾಡುವವರಿಗೆ ಎರಡು ಲಾಭ. ಒಂದು, ಲದ್ದಿಯ ನಡುವೆ ಗಾಳಿ ಆಡುತ್ತದೆ. ಎರಡು, ಸೂಕ್ಷ್ಮಜೀವಿಗಳಿಗೆ ತಿನ್ನಲು ಇನ್ನೂ ಬೇಕಾದಷ್ಟು ಉಳಿದಿರುತ್ತದೆ. ಒಂದು ತೊಂದರೆಯೂ ಇದೆ. ಕುದುರೆ ತಿಂದ ಕಳೆ ಗಿಡಗಳ ಬೀಜಗಳು ಸಾಯದೆ ಹೊರಬರುತ್ತವೆ. ಹಸಿ ಲದ್ದಿಯನ್ನು ಹಾಗೆಯೇ ಮಡಿಗೆ ಹಾಕಿದರೆ ಸೊಪ್ಪಿಗಿಂತ ಕಳೆಯೇ ಹೆಚ್ಚಾಗುತ್ತದೆ.

ಕುದುರೆ ಎಲ್ಲಿದೆ?

"ಸರ್, ಈಗ ಕುದುರೆ ಎಲ್ಲಿದೆ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಂದು ಕಾಲದಲ್ಲಿ ನಮ್ಮ ಸೀಮೆ ಕುದುರೆಗಳ ಸೀಮೆಯೇ ಆಗಿತ್ತು. 1520ರಲ್ಲಿ ರಾಯಚೂರು ಕೋಟೆಗಾಗಿ ವಿಜಯನಗರದ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಷಾಗೂ ಯುದ್ಧ ನಡೆಯಿತು. ಎರಡೂ ಕಡೆ ಸಾವಿರಾರು ಕುದುರೆಗಳಿದ್ದವು. ಅರಬ್ ಮತ್ತು ಪರ್ಷಿಯಾ ದೇಶಗಳ ಕುದುರೆಗಳು ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬಂದು ಅಲ್ಲಿಂದ ಒಳನಾಡಿಗೆ ಬರುತ್ತಿದ್ದವು.

1871ರಲ್ಲಿ ಮುಂಬೈ ಮತ್ತು ಮದ್ರಾಸಿನ ಕಡೆಯ ರೈಲು ಮಾರ್ಗಗಳು ರಾಯಚೂರಿನಲ್ಲಿ ಕೂಡಿದವು. ರೈಲು ಇಳಿದವರನ್ನು ಊರೊಳಗೆ ಕರೆದೊಯ್ಯಲು ಟಾಂಗಾ ಇರುತ್ತಿದ್ದ ಕಾಲ ಅದು. ಆಟೊ ಬಂದ ಮೇಲೆ ಟಾಂಗಾ ಅಪರೂಪವಾಯಿತು. ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ, ಟಾಂಗಾದಲ್ಲಿ ಕುಳಿತ ನೆನಪು ಅವರಿಗೆ ಇರಬಹುದು.

ಆದರೂ ಕುದುರೆ ಪೂರ್ತಿ ಮಾಯವಾಗಿಲ್ಲ. ಮದುವೆ ಮೆರವಣಿಗೆಗೆ ಕುದುರೆ ಸಾಕುವವರು ಊರುಗಳಲ್ಲಿ ಇದ್ದಾರೆ. ಕುರಿ ಮಂದೆಯೊಡನೆ ಊರೂರು ತಿರುಗುವ ಕುರಿಗಾಹಿಗಳು ಸಾಮಾನು ಮತ್ತು ಎಳೆಯ ಕುರಿಮರಿಗಳನ್ನು ಹೊರಿಸಲು ಸಣ್ಣ ಕುದುರೆ ಇಟ್ಟುಕೊಂಡಿರುತ್ತಾರೆ. ಸುಗ್ಗಿ ಮುಗಿದ ಮೇಲೆ ದೇವದುರ್ಗ, ಮಾನ್ವಿ ಕಡೆಯ ಹೊಲಗಳಲ್ಲಿ ಕುರಿ ತರುಬುವುದನ್ನು ನೀವು ನೋಡಿರಬಹುದು. ರಾತ್ರಿಯೆಲ್ಲ ಮಂದೆ ಹೊಲದಲ್ಲಿ ಮಲಗಿದರೆ ಹಿಕ್ಕೆ ಮತ್ತು ಗಂಜಲ ಹೊಲಕ್ಕೇ ಬೀಳುತ್ತದೆ. ಅದಕ್ಕಾಗಿಯೇ ರೈತರು ಅವರನ್ನು ಕರೆಯುತ್ತಾರೆ.

ಕುದುರೆ ಸಿಗದಿದ್ದರೆ ಕತ್ತೆಯ ಲದ್ದಿ ಆದೀತು. ಅದೂ ಸಿಗದಿದ್ದರೆ ಸಗಣಿಗೆ ಒಣ ಹುಲ್ಲು ಹೆಚ್ಚಾಗಿ ಬೆರೆಸಿ. ವಿಧಾನ ಒಂದೇ.

ದೊಡ್ಡ ಕುದುರೆ ದಿನಕ್ಕೆ 15ರಿಂದ 20 ಕೆಜಿ ಲದ್ದಿ ಹಾಕುತ್ತದೆ. ನಮ್ಮ ಕಡೆಯ ಸಣ್ಣ ಕುದುರೆ ಅದಕ್ಕಿಂತ ಕಡಿಮೆ, ದಿನಕ್ಕೆ ಒಂದು ಬುಟ್ಟಿ ಎಂದು ಇಟ್ಟುಕೊಳ್ಳಿ.

ರಾಶಿ ಬಿಸಿಯಾಗುವುದೇಕೆ?

ಲದ್ದಿಯನ್ನು ರಾಶಿ ಹಾಕಿ ಎರಡು ದಿನ ಬಿಟ್ಟು ಬೆಳಗಿನ ಜಾವ ನೋಡಿ. ಒಳಗಿನಿಂದ ಹಬೆ ಬರುತ್ತಿರುತ್ತದೆ. ಒಲೆ ಇಲ್ಲ, ಬೆಂಕಿ ಇಲ್ಲ. ಬಿಸಿ ಎಲ್ಲಿಂದ ಬಂತು?

ನಿಮ್ಮ ಮೈ ಮುಟ್ಟಿ ನೋಡಿಕೊಳ್ಳಿ. ಅದೂ ಬೆಚ್ಚಗಿದೆ. ನೀವು ತಿಂದ ರೊಟ್ಟಿ ದೇಹದ ಜೀವಕೋಶಗಳಲ್ಲಿ ಆಮ್ಲಜನಕದೊಡನೆ ಸೇರುತ್ತದೆ. ಆಗ ಶಕ್ತಿ ಬಿಡುಗಡೆಯಾಗುತ್ತದೆ. ಅದರಲ್ಲಿ ಒಂದು ಪಾಲು ಶಾಖವಾಗುತ್ತದೆ. ಇದನ್ನು ಉಸಿರಾಟದ ಪಾಠದಲ್ಲಿ ಓದಿದ್ದೀರಿ. ಲದ್ದಿಯಲ್ಲಿರುವ ಕೋಟಿ ಕೋಟಿ ಬ್ಯಾಕ್ಟೀರಿಯಾಗಳು ಮತ್ತು ಶಿಲೀಂಧ್ರಗಳು ಮಾಡುವುದೂ ಇದನ್ನೇ. ಅವು ನಾರನ್ನು ತಿಂದು, ಆಮ್ಲಜನಕ ತೆಗೆದುಕೊಂಡು, ಇಂಗಾಲದ ಡೈಆಕ್ಸೈಡ್, ನೀರಾವಿ ಮತ್ತು ಶಾಖವನ್ನು ಬಿಡುತ್ತವೆ. ರಾಶಿ ದೊಡ್ಡದಾಗಿದ್ದರೆ ಶಾಖ ಹೊರಗೆ ಹೋಗಲಾರದೆ ಒಳಗೇ ಉಳಿಯುತ್ತದೆ.

ಮೊದಲು ಸಾಮಾನ್ಯ ಉಷ್ಣತೆಯಲ್ಲಿ ಬದುಕುವ ಸೂಕ್ಷ್ಮಜೀವಿಗಳು ಕೆಲಸ ಶುರು ಮಾಡುತ್ತವೆ. ಉಷ್ಣತೆ 45 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅವು ಹಿಂದೆ ಸರಿಯುತ್ತವೆ. ಬಿಸಿಯನ್ನೇ ಇಷ್ಟಪಡುವ ಬೇರೆ ಜೀವಿಗಳು ಮುಂದೆ ಬರುತ್ತವೆ. ರಾಶಿ 55ರಿಂದ 65 ಡಿಗ್ರಿವರೆಗೂ ಕಾಯುತ್ತದೆ. ನಮ್ಮ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ದಾಟಿದರೆ ನಾವು ನೆರಳು ಹುಡುಕುತ್ತೇವೆ. ರಾಶಿಯ ಒಳಗೆ ಅದಕ್ಕಿಂತ 20 ಡಿಗ್ರಿ ಹೆಚ್ಚು!

ಈ ಬಿಸಿ ಬಹಳ ಉಪಯೋಗದ್ದು. 55 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಹಲವು ದಿನ ಇದ್ದರೆ ಕಳೆಯ ಬೀಜಗಳು, ಜಂತುಹುಳುವಿನ ಮೊಟ್ಟೆಗಳು, ನೊಣದ ಮರಿಗಳು, ರೋಗ ತರುವ ಬಹುಪಾಲು ಬ್ಯಾಕ್ಟೀರಿಯಾಗಳು ಸಾಯುತ್ತವೆ. ಆದರೆ 70 ಡಿಗ್ರಿ ದಾಟಿದರೆ ಗೊಬ್ಬರ ಮಾಡುವ ಜೀವಿಗಳೂ ಸಾಯತೊಡಗುತ್ತವೆ.

ಹಿಂದೆ ಪ್ಯಾರಿಸ್ ನಗರದ ತೋಟಗಾರರು ಈ ಬಿಸಿಯನ್ನೇ ಬೇರೆ ರೀತಿ ಬಳಸುತ್ತಿದ್ದರು. ಅಲ್ಲಿ ಚಳಿಗಾಲದಲ್ಲಿ ತೀರಾ ಚಳಿ. 1800ರ ನಂತರದ ದಶಕಗಳಲ್ಲಿ ಅವರು ಊರಿನ ಗಾಡಿ ಕುದುರೆಗಳ ಲದ್ದಿಯನ್ನು ದಪ್ಪಗೆ ಹರಡಿ, ಮೇಲೆ ಮಣ್ಣು ಹಾಕಿ, ಗಾಜಿನ ಮುಚ್ಚಳ ಮುಚ್ಚಿ ಚಳಿಯಲ್ಲೂ ತರಕಾರಿ ಬೆಳೆಯುತ್ತಿದ್ದರು.

ಇಂಗಾಲ ಮತ್ತು ಸಾರಜನಕದ ಲೆಕ್ಕ

ಸೂಕ್ಷ್ಮಜೀವಿಗಳಿಗೆ ಶಕ್ತಿಗಾಗಿ ಇಂಗಾಲ ಬೇಕು. ಮೈ ಬೆಳೆಸಿಕೊಳ್ಳಲು ಸಾರಜನಕ ಬೇಕು. ನಮಗೆ ರೊಟ್ಟಿಯೂ ಬೇಕು, ಬೇಳೆಯೂ ಬೇಕಲ್ಲವೇ, ಹಾಗೆ. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ಅವುಗಳ ಕೆಲಸ ಚುರುಕಾಗಿ ನಡೆಯುತ್ತದೆ. ಒಂದು ಪಾಲು ಸಾರಜನಕಕ್ಕೆ ಯಾವುದರಲ್ಲಿ ಎಷ್ಟು ಪಾಲು ಇಂಗಾಲ ಇದೆ ನೋಡಿ. ಇವು ಸುಮಾರು ಲೆಕ್ಕ.

ಕುರಿ ಹಿಕ್ಕೆ: 15
ಹಸಿ ಸೊಪ್ಪು, ತರಕಾರಿ ಸಿಪ್ಪೆ: 15ರಿಂದ 20
ಆಕಳ ಸಗಣಿ: 20
ಕುದುರೆ ಲದ್ದಿ: 25ರಿಂದ 30
ಭತ್ತದ ಹುಲ್ಲು: 60ರಿಂದ 80
ಕಟ್ಟಿಗೆ ಕೊಯ್ಯುವ ಮಿಲ್ಲಿನ ಹೊಟ್ಟು: 200ಕ್ಕಿಂತ ಹೆಚ್ಚು

ಲದ್ದಿಯ ಲೆಕ್ಕ ತಾನಾಗಿಯೇ ಸರಿಯಾಗಿದೆ. ಅದಕ್ಕೇ ಅದು ಬೇಗ ಬಿಸಿಯಾಗುತ್ತದೆ. ಆದರೆ ನಮಗೆ ಸಿಗುವ ಲದ್ದಿ ಸ್ವಲ್ಪ. ಒಣ ಹುಲ್ಲು ಮತ್ತು ಹಸಿ ಸೊಪ್ಪು ಸೇರಿಸಿ ಅದನ್ನು ಹೆಚ್ಚು ಮಾಡಿಕೊಳ್ಳಬೇಕು. ಒಂದು ಲೆಕ್ಕ ಮಾಡೋಣ.

1 ಕೆಜಿ ಸಾರಜನಕ ಇರುವಷ್ಟು ಭತ್ತದ ಹುಲ್ಲು ತೆಗೆದುಕೊಂಡರೆ ಅದರಲ್ಲಿ 60 ಕೆಜಿ ಇಂಗಾಲ ಇರುತ್ತದೆ. 3 ಕೆಜಿ ಸಾರಜನಕ ಇರುವಷ್ಟು ಹಸಿ ಸೊಪ್ಪು ತೆಗೆದುಕೊಂಡರೆ 3 × 15 = 45 ಕೆಜಿ ಇಂಗಾಲ. ಒಟ್ಟು ಇಂಗಾಲ 60 + 45 = 105 ಕೆಜಿ. ಒಟ್ಟು ಸಾರಜನಕ 1 + 3 = 4 ಕೆಜಿ. 105ನ್ನು 4ರಿಂದ ಭಾಗಿಸಿದರೆ ಸುಮಾರು 26. ನಮಗೆ ಬೇಕಾದ ಲೆಕ್ಕ ಬಂತು! ಇದಕ್ಕೆ ಲದ್ದಿ ಎಷ್ಟು ಸೇರಿಸಿದರೂ ಲೆಕ್ಕ 25ರಿಂದ 30ರ ಒಳಗೇ ಇರುತ್ತದೆ.

ತೋಟದಲ್ಲಿ ಇಷ್ಟು ಲೆಕ್ಕ ಹಾಕುತ್ತಾ ಕೂರಬೇಕಿಲ್ಲ. ಒಣ ಹುಲ್ಲು ಹಗುರ, ಹಸಿ ಸೊಪ್ಪು ಭಾರ. ಆದ್ದರಿಂದ ಬುಟ್ಟಿಯ ಅಳತೆಯಲ್ಲಿ ಒಂದು ಬುಟ್ಟಿ ಒಣಗಿದ್ದು, ಒಂದು ಬುಟ್ಟಿ ಹಸಿಯದು, ಒಂದು ಬುಟ್ಟಿ ಲದ್ದಿ ಎಂದು ನೆನಪಿಟ್ಟುಕೊಳ್ಳಿ.

ಮೂರು ಊರು, ಮೂರು ಕಸ

ರಾಯಚೂರು ನಗರದಲ್ಲಿ ತರಕಾರಿ ಮಾರುಕಟ್ಟೆಯ ಸೊಪ್ಪು, ಸಿಪ್ಪೆ ಸಿಗುತ್ತದೆ. ಬೇವು, ಹೊಂಗೆ ಮರಗಳ ಒಣಗಿದ ಎಲೆಯನ್ನು ಗುಡಿಸಿ ಸುಡುವ ಬದಲು ತರಬಹುದು. ಅಕ್ಕಿ ಗಿರಣಿಯ ಭತ್ತದ ಹೊಟ್ಟು ಬೇಗ ಕೊಳೆಯುವುದಿಲ್ಲ. ಅದರಲ್ಲಿ ಮರಳಿನಲ್ಲಿರುವಂಥ ಸಿಲಿಕಾ ಇದೆ. ಸ್ವಲ್ಪ ಮಾತ್ರ ಹಾಕಿ.

ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿದೆ, ಭತ್ತವಿದೆ. ಹುಲ್ಲಿಗೆ ಕೊರತೆಯಿಲ್ಲ. ಯಂತ್ರದಿಂದ ಕೊಯ್ದ ಮೇಲೆ ಉಳಿದ ಹುಲ್ಲನ್ನು ಕೆಲವರು ಹೊಲದಲ್ಲೇ ಸುಡುತ್ತಾರೆ. ಸುಟ್ಟರೆ ಏನಾಗುತ್ತದೆ? ಹುಲ್ಲಿನ ಇಂಗಾಲ ಮತ್ತು ಸಾರಜನಕ ಹೆಚ್ಚುಕಡಿಮೆ ಎಲ್ಲವೂ ಗಾಳಿಗೆ ಹೋಗುತ್ತದೆ. ಬೂದಿಯಲ್ಲಿ ಸ್ವಲ್ಪ ಪೊಟ್ಯಾಸಿಯಂ, ರಂಜಕ ಉಳಿಯುತ್ತದೆ. ಮಣ್ಣಿಗೆ ಸೇರಬೇಕಾದ ಊಟ ಹೊಗೆಯಾಗಿ ನಮ್ಮ ಕಣ್ಣು, ಮೂಗಿಗೆ ಬರುತ್ತದೆ.

ದೇವದುರ್ಗದ ಕಡೆ ಕೃಷ್ಣೆಯ ನೀರು ನಾರಾಯಣಪುರ ಬಲದಂಡೆ ಕಾಲುವೆಯಲ್ಲಿ ಬರುತ್ತದೆ. ಹತ್ತಿ, ತೊಗರಿ ಕಟ್ಟಿಗೆ ಬೇಕಾದಷ್ಟು ಇರುತ್ತದೆ. ಆದರೆ ಕಟ್ಟಿಗೆಯಲ್ಲಿ ಲಿಗ್ನಿನ್ ಎಂಬ ಗಟ್ಟಿ ವಸ್ತುವಿದೆ. ಇಡಿಯಾಗಿ ಹಾಕಿದರೆ ವರ್ಷವಾದರೂ ಕೊಳೆಯದು. ದೊಡ್ಡವರಿಂದ ಬೆರಳುದ್ದ ಕಡಿಸಿ ಹಾಕಿ, ಅಥವಾ ರಾಶಿಯ ತಳಕ್ಕೆ ಗಾಳಿಯಾಡಲು ಹರಡಿ. ತೊಗರಿಯ ಒಣ ಎಲೆ, ಹೊಟ್ಟು ಚೆನ್ನಾಗಿ ಕೊಳೆಯುತ್ತದೆ. ಹತ್ತಿರದಲ್ಲಿ ಕುರಿ ಹಿಕ್ಕೆ ಸಿಕ್ಕರೆ ಹಸಿ ಸೊಪ್ಪಿನ ಬದಲು ಅದನ್ನೇ ಹಾಕಬಹುದು. ಆಗ ಹಿಕ್ಕೆಯನ್ನು ಮೊದಲು ನೀರಲ್ಲಿ ನೆನೆಸಿ.

ಎಲ್ಲ ಶಾಲೆಗಳಲ್ಲೂ ಸಿಗುವುದು ಬಿಸಿಯೂಟದ ತರಕಾರಿ ಸಿಪ್ಪೆ. ನಮ್ಮ ರಾಜ್ಯದಲ್ಲಿ ಬಿಸಿಯೂಟ 2002ರಲ್ಲಿ ಮೊದಲು ಶುರುವಾದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಆ ಅಡುಗೆಮನೆಯ ಕಸವೇ ನಾಳೆ ಸಾರಿಗೆ ಬೀಳುವ ಸೊಪ್ಪಾಗಬಹುದು.

ಗುಂಡಿಯೋ, ರಾಶಿಯೋ?

ಇದು ಕಾಲವನ್ನು ನೋಡಿ ನಿರ್ಧರಿಸಬೇಕಾದ ವಿಷಯ. ಬೇಸಿಗೆಯಲ್ಲಿ ನಮ್ಮ ದೊಡ್ಡ ಶತ್ರು ಒಣಗುವಿಕೆ. ಆಗ ಬೇವಿನ ಮರದ ನೆರಳಿನಲ್ಲಿ ಒಂದೂವರೆ ಅಡಿ ಆಳದ ಗುಂಡಿ ತೋಡಿ ಮಾಡಿದರೆ ತೇವ ಉಳಿಯುತ್ತದೆ. ಮಳೆಗಾಲದಲ್ಲಿ ಗುಂಡಿ ಬೇಡ. ಎರೆ ಮಣ್ಣಿನಲ್ಲಿ ನೀರು ಬೇಗ ಇಂಗುವುದಿಲ್ಲ. ಗುಂಡಿ ತುಂಬಿ ನಿಂತರೆ ಗಾಳಿಯಿಲ್ಲದೆ ಗೊಬ್ಬರ ನಾರುತ್ತದೆ. ಆಗ ಎತ್ತರದ ಜಾಗದಲ್ಲಿ ನೆಲದ ಮೇಲೆ ರಾಶಿ ಹಾಕಿ. ಯಾವ ಕಾಲದಲ್ಲೂ ಬಾವಿ, ಬೋರ್‌ವೆಲ್, ಕುಡಿಯುವ ನೀರಿನ ತೊಟ್ಟಿ ಮತ್ತು ಅಡುಗೆಮನೆಯಿಂದ ದೂರ ಇರಲಿ.

ರಾಶಿ ಎಷ್ಟು ದೊಡ್ಡದಿರಬೇಕು? ಉದ್ದ, ಅಗಲ, ಎತ್ತರ ಒಂದೊಂದು ಮೀಟರ್ ಇರಲಿ. ಇದಕ್ಕೂ ಲೆಕ್ಕವಿದೆ. 1 ಮೀಟರ್ ಘನದ ಗಾತ್ರ 1 ಘನ ಮೀಟರ್, ಮೇಲ್ಮೈ 6 ಚದರ ಮೀಟರ್. ಅರ್ಧ ಮೀಟರ್ ಘನದ ಗಾತ್ರ 0.125 ಘನ ಮೀಟರ್, ಮೇಲ್ಮೈ 1.5 ಚದರ ಮೀಟರ್. ಅಂದರೆ ಗಾತ್ರಕ್ಕೆ ಹೋಲಿಸಿದರೆ ಸಣ್ಣ ರಾಶಿಯ ಮೇಲ್ಮೈ 12 ಪಟ್ಟು, ದೊಡ್ಡ ರಾಶಿಯದು 6 ಪಟ್ಟು. ಮೇಲ್ಮೈ ಹೆಚ್ಚಾದರೆ ಶಾಖ ಬೇಗ ಸೋರಿಹೋಗುತ್ತದೆ. ಸಣ್ಣ ರಾಶಿ ಬಿಸಿಯಾಗದಿರುವುದು ಇದಕ್ಕೇ.

1 ಘನ ಮೀಟರ್ ಎಂದರೆ 1000 ಲೀಟರ್. 20 ಲೀಟರ್ ಹಿಡಿಯುವ ಬುಟ್ಟಿಯಾದರೆ 50 ಬುಟ್ಟಿ. ಅದರಲ್ಲಿ ಮೂರನೇ ಒಂದು ಪಾಲು, ಸುಮಾರು 17 ಬುಟ್ಟಿ ಲದ್ದಿ. ಒಂದು ಕುದುರೆಯ ಎರಡೂವರೆ ವಾರದ ಲದ್ದಿ. ಅಷ್ಟು ಸೇರುವವರೆಗೆ ನೆರಳಿನಲ್ಲಿ ತೆಳ್ಳಗೆ ಹರಡಿ ಒಣಗಿಸಿಡಿ. ಒಣಗಿದ್ದು ಕೊಳೆಯುವುದಿಲ್ಲ.

ಮಾಡುವ ವಿಧಾನ

1. ತಳದಲ್ಲಿ ಹತ್ತಿ ಅಥವಾ ತೊಗರಿ ಕಟ್ಟಿಗೆಯನ್ನು ಗೇಣಿನಷ್ಟು ಎತ್ತರ ಹರಡಿ. ಗಾಳಿ ಕೆಳಗಿನಿಂದ ಬರಲಿ.

2. ಅದರ ಮೇಲೆ 10 ಸೆಂ.ಮೀ. ಒಣ ಹುಲ್ಲು ಅಥವಾ ಎಲೆ ಹಾಕಿ ನೀರು ಚಿಮುಕಿಸಿ.

3. ಮೇಲೆ 10 ಸೆಂ.ಮೀ. ಹಸಿ ಸೊಪ್ಪು, ಸಿಪ್ಪೆ. ಅದರ ಮೇಲೆ 10 ಸೆಂ.ಮೀ. ಲದ್ದಿ. ಲದ್ದಿ ಒಣಗಿದ್ದರೆ ಚೆನ್ನಾಗಿ ನೆನೆಸಿ.

4. ಒಂದೆರಡು ಹಿಡಿ ತೋಟದ ಮಣ್ಣು ಅಥವಾ ಹಳೆಯ ತಿಪ್ಪೆಯ ಗೊಬ್ಬರ ಎರಚಿ. ಹೆಪ್ಪು ಹಾಕಿದಂತೆ ಅದು ಸೂಕ್ಷ್ಮಜೀವಿಗಳನ್ನು ಸೇರಿಸುತ್ತದೆ.

5. ಇದೇ ಕ್ರಮದಲ್ಲಿ 1 ಮೀಟರ್ ಎತ್ತರದವರೆಗೆ ಏರಿಸಿ. ಒಂದೇ ದಿನ ಮುಗಿಸಿದರೆ ಚೆನ್ನಾಗಿ ಕಾಯುತ್ತದೆ.

6. ಮೇಲೆ ಭತ್ತದ ಹುಲ್ಲು ಅಥವಾ ಒದ್ದೆ ಗೋಣಿಚೀಲ ಮುಚ್ಚಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹಾಳೆ ಮೇಲೆ ಮಾತ್ರ ಇರಲಿ, ಬದಿಗಳು ತೆರೆದಿರಲಿ.

7. ವಾರಕ್ಕೊಮ್ಮೆ ಮಗುಚಿ. ಹೊರಗಿನದು ಒಳಗೆ, ಒಳಗಿನದು ಹೊರಗೆ ಬರಬೇಕು. ಆಗ ಎಲ್ಲಕ್ಕೂ ಬಿಸಿ ತಗಲುತ್ತದೆ, ಗಾಳಿಯೂ ಸಿಗುತ್ತದೆ.

ನೀರು ಎಷ್ಟು? ರಾಶಿಯಿಂದ ಒಂದು ಹಿಡಿ ತೆಗೆದು, ಕೈಚೀಲ ಹಾಕಿಕೊಂಡ ಕೈಯಿಂದ ಹಿಂಡಿ. ಒಂದೆರಡು ಹನಿ ಬಂದರೆ ಸರಿ. ಧಾರೆ ಬಂದರೆ ಹೆಚ್ಚಾಯಿತು. ಏನೂ ಬರದೆ ಪುಡಿಯಾದರೆ ಕಡಿಮೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಕಷ್ಟ. ತರಕಾರಿ ತೊಳೆದ ನೀರು, ಅಕ್ಕಿ ತೊಳೆದ ನೀರನ್ನು ಒಂದು ಡ್ರಮ್ಮಿನಲ್ಲಿ ಹಿಡಿದಿಟ್ಟು ಬಳಸಿ. ಸೋಪಿನ ನೀರು ಬೇಡ.

ಇವುಗಳನ್ನು ಹಾಕಬೇಡಿ: ಪ್ಲಾಸ್ಟಿಕ್, ಗಾಜು, ಎಣ್ಣೆ ಅಥವಾ ಮಾಂಸದ ಅಡುಗೆ, ನಾಯಿ ಬೆಕ್ಕಿನ ಮಲ, ಹೂ ಬಿಟ್ಟ ಕಾಂಗ್ರೆಸ್ ಕಸ, ಬಳ್ಳಾರಿ ಜಾಲಿಯ ಮುಳ್ಳು.

ಎಚ್ಚರ! ಇದನ್ನು ಬಿಡದೆ ಓದಿ

ಧನುರ್ವಾಯು ತರುವ ಬ್ಯಾಕ್ಟೀರಿಯಾ ಕುದುರೆಯ ಕರುಳಿನಲ್ಲಿ ಇರಬಹುದು. ಅದು ಕುದುರೆಗೆ ಏನೂ ಮಾಡದೆ ಲದ್ದಿಯೊಡನೆ ಹೊರಗೆ ಬರುತ್ತದೆ. ಅದರ ಬೀಜಾಣು ಎಂಬ ಗಟ್ಟಿ ರೂಪ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ರಾಶಿಯ ಬಿಸಿಗೂ ಅದು ಸಾಯುತ್ತದೆ ಎಂದು ನಂಬುವಂತಿಲ್ಲ. ಗಾಯದೊಳಗೆ ಹೋದರೆ ಅದು ಪ್ರಾಣಕ್ಕೇ ಅಪಾಯ. ಆದ್ದರಿಂದ:

ಕೈ ಕಾಲಿಗೆ ಗಾಯವಾಗಿದ್ದರೆ ಆ ದಿನ ಲದ್ದಿ ಮುಟ್ಟಬೇಡಿ. ಬರೆಯುವ, ಲೆಕ್ಕ ಇಡುವ ಕೆಲಸ ಮಾಡಿ.

ಬರಿಗಾಲಿನಲ್ಲಿ ಬೇಡ, ಚಪ್ಪಲಿ ಅಥವಾ ಬೂಟು ಹಾಕಿಕೊಳ್ಳಿ. ಕೈಗೆ ಕೈಚೀಲ ಇರಲಿ.

ಕೆಲಸ ಮುಗಿದ ಕೂಡಲೇ ಸೋಪು ಹಚ್ಚಿ ಕೈ ಕಾಲು ತೊಳೆಯಿರಿ. ಉಗುರಿನ ಸಂದಿಯನ್ನೂ ತೊಳೆಯಿರಿ.

ಕೆಲಸದ ನಡುವೆ ಗಾಯವಾದರೆ ನೀರು, ಸೋಪಿನಿಂದ ತೊಳೆದು ಕೂಡಲೇ ಶಿಕ್ಷಕರಿಗೆ ಹೇಳಿ. ಗಾಯ ಸಣ್ಣದು ಎಂದು ಮುಚ್ಚಿಡಬೇಡಿ. ಆರೋಗ್ಯ ಕೇಂದ್ರದಲ್ಲಿ ತೋರಿಸಬೇಕು.

10 ಮತ್ತು 16ನೇ ವರ್ಷದಲ್ಲಿ ಟಿಡಿ ಚುಚ್ಚುಮದ್ದು ಕೊಡುತ್ತಾರೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದಕ್ಕೆ ಹಣವಿಲ್ಲ. ನಿಮಗೆ ಆಗಿದೆಯೇ ಎಂದು ಮನೆಯಲ್ಲಿ ಕೇಳಿ ತಿಳಿದುಕೊಳ್ಳಿ.

ಇನ್ನೂ ಮೂರು ಮಾತು. ಒಣಗಿದ ರಾಶಿ ಮಗುಚುವಾಗ ಬೂಷ್ಟಿನ ದೂಳು ಏಳುತ್ತದೆ. ಮೊದಲು ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿ, ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ನಿಲ್ಲಿ. ಕುದುರೆಯ ಹಿಂದೆ ಹೋಗಬೇಡಿ, ಒದೆಯುತ್ತದೆ. ಲದ್ದಿಯನ್ನು ಸಾಕುವವರನ್ನು ಕೇಳಿ, ಅವರು ಎತ್ತಿಟ್ಟಿದ್ದನ್ನು ದೊಡ್ಡವರೊಡನೆ ಹೋಗಿ ತನ್ನಿ. ಕಾಯಿಲೆ ಬಿದ್ದ ಕುದುರೆಯ ಅಥವಾ ಆಗಷ್ಟೇ ಜಂತುಹುಳುವಿನ ಔಷಧಿ ಕೊಟ್ಟ ಕುದುರೆಯ ಲದ್ದಿ ಬೇಡ. ಕೆಲವು ಔಷಧಿಗಳು ಲದ್ದಿಯಲ್ಲಿ ಉಳಿದು ಸಗಣಿ ಹುಳು, ಎರೆಹುಳುಗಳಿಗೆ ತೊಂದರೆ ಕೊಡುತ್ತವೆ.

ರಾಶಿ ಏನು ಹೇಳುತ್ತಿದೆ?

ವೈದ್ಯರು ಮೈ ಮುಟ್ಟಿ ನೋಡಿ ರೋಗ ಹೇಳುವಂತೆ ನೀವೂ ರಾಶಿಯನ್ನು ಪರೀಕ್ಷಿಸಬಹುದು.

ಮೂಗಿಗೆ ಚುರ್ ಎನ್ನುವ ವಾಸನೆ ಬಂದರೆ ಅಮೋನಿಯಾ ಹೋಗುತ್ತಿದೆ. ಸಾರಜನಕ ಹೆಚ್ಚಾಗಿದೆ. ಒಣ ಹುಲ್ಲು ಬೆರೆಸಿ.

ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಇಲ್ಲ, ನೀರು ಹೆಚ್ಚು. ಮಗುಚಿ, ಒಣಗಿದ್ದು ಸೇರಿಸಿ.

ಇರುವೆ, ಗೆದ್ದಲು ಬಂದರೆ ಒಣಗಿದೆ. ನೀರು ಹಾಕಿ.

ತೇವವಿದ್ದರೂ ತಣ್ಣಗಿದ್ದರೆ ರಾಶಿ ಸಣ್ಣದು ಅಥವಾ ಸಾರಜನಕ ಸಾಲದು. ಲದ್ದಿ, ಹಸಿ ಸೊಪ್ಪು ಸೇರಿಸಿ.

ಒಳಗೆ ಬೂದಿ ಬಣ್ಣದ ಬಿಳಿ ಎಳೆ ಕಂಡರೆ ಹೆದರಬೇಡಿ. ಅವು ಆಕ್ಟಿನೊಮೈಸೀಟ್ಸ್ ಎಂಬ ಬ್ಯಾಕ್ಟೀರಿಯಾಗಳು. ಮೊದಲ ಮಳೆಗೆ ನೆಲದಿಂದ ಬರುವ ಸುವಾಸನೆಗೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವನ್ನು ಮಾಡುವುದೂ ಇವೇ.

ದಪ್ಪನೆಯ, ಬಾಗಿದ ಬಿಳಿ ಹುಳು ಕಂಡರೆ ಅದು ಗೊಣ್ಣೆಹುಳು ಇರಬಹುದು. ಅದು ಗಿಡದ ಬೇರು ತಿನ್ನುತ್ತದೆ. ಆರಿಸಿ ತೆಗೆಯಿರಿ, ಕೋಳಿಗೆ ಹಬ್ಬವಾಗುತ್ತದೆ.

ಸಿದ್ಧವಾಯಿತೇ? ಹೆಸರುಕಾಳನ್ನು ಕೇಳಿ

ಎರಡು ಮೂರು ತಿಂಗಳಲ್ಲಿ ರಾಶಿ ಅರ್ಧಕ್ಕೆ ಇಳಿಯುತ್ತದೆ. ಮಗುಚಿದರೂ ಬಿಸಿಯಾಗುವುದಿಲ್ಲ. ಕಪ್ಪು ಕಂದು ಬಣ್ಣ ಬರುತ್ತದೆ. ಹುಲ್ಲು, ಲದ್ದಿ ಎಂದು ಗುರುತಿಸಲು ಆಗುವುದಿಲ್ಲ. ಮಣ್ಣಿನ ವಾಸನೆ ಬರುತ್ತದೆ. ಆದರೂ ಒಂದು ಪರೀಕ್ಷೆ ಮಾಡಿ.

ಎರಡು ತೆಂಗಿನ ಚಿಪ್ಪು ತೆಗೆದುಕೊಳ್ಳಿ. ಒಂದರಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಅರ್ಧ ಮಣ್ಣು ಅರ್ಧ ಗೊಬ್ಬರ ತುಂಬಿ. ಎರಡರಲ್ಲೂ 10 ಹೆಸರುಕಾಳು ಬಿತ್ತಿ. ಒಂದೇ ಅಳತೆಯ ನೀರು ಹಾಕಿ. ಐದಾರು ದಿನದ ನಂತರ ಎಣಿಸಿ. ಗೊಬ್ಬರದ ಚಿಪ್ಪಿನಲ್ಲಿ ಮಣ್ಣಿನ ಚಿಪ್ಪಿನಷ್ಟೇ ಅಥವಾ ಹೆಚ್ಚು ಮೊಳೆತು, ಎಲೆ ನೆಟ್ಟಗಿದ್ದರೆ ಗೊಬ್ಬರ ಸಿದ್ಧ. ಕಡಿಮೆ ಮೊಳೆತರೆ ಇನ್ನೊಂದು ತಿಂಗಳು ಬಿಡಿ. ಎಲೆ ಮುದುಡಿ ತಿರುಚಿಕೊಂಡರೆ ಮೇವಿನ ಜೊತೆ ಕಳೆನಾಶಕ ಬಂದಿರಬಹುದು. ಅಂಥ ಗೊಬ್ಬರವನ್ನು ತರಕಾರಿಗೆ ಹಾಕಬೇಡಿ.

ಸಿದ್ಧವಾದ ಗೊಬ್ಬರವನ್ನು ಒಂದು ಚದರ ಮೀಟರ್ ಮಡಿಗೆ 2ರಿಂದ 3 ಕೆಜಿ ಬೆರೆಸಿ ಮೆಂತ್ಯ, ಪಾಲಕ್, ಪುಂಡಿಪಲ್ಯ ಬಿತ್ತಿ. ಸೊಪ್ಪನ್ನು ಚೆನ್ನಾಗಿ ತೊಳೆದೇ ಅಡುಗೆಗೆ ಕೊಡಿ.

ಎರೆಗೂ ಬೇಕು, ಮಸಾರಿಗೂ ಬೇಕು

ನೂರು ಕೆಜಿ ಯೂರಿಯಾದಲ್ಲಿ 46 ಕೆಜಿ ಸಾರಜನಕವಿದೆ. ನೂರು ಕೆಜಿ ಹಸಿ ಲದ್ದಿಯಲ್ಲಿ ಇರುವುದು ಸುಮಾರು ಅರ್ಧ ಕೆಜಿ. ಹಾಗಾದರೆ ಇಷ್ಟು ಕಷ್ಟ ಏಕೆ? ಏಕೆಂದರೆ ಯೂರಿಯಾ ಗಿಡಕ್ಕೆ ಊಟ ಕೊಡುತ್ತದೆ. ಕಾಂಪೋಸ್ಟ್ ಗಿಡದ ಜೊತೆ ಮಣ್ಣಿಗೂ ಊಟ ಕೊಡುತ್ತದೆ. ನಾರು ಕೊಳೆತು ಉಳಿಯುವ ಕಪ್ಪು ವಸ್ತುವಿಗೆ ಹ್ಯೂಮಸ್ ಎನ್ನುತ್ತಾರೆ. ಎರೆ ಮಣ್ಣು ಒದ್ದೆಯಾದರೆ ಅಂಟು, ಒಣಗಿದರೆ ಬಿರುಕು. ಹ್ಯೂಮಸ್ ಅದರ ಹೆಂಟೆಯನ್ನು ಸಡಿಲ ಮಾಡುತ್ತದೆ. ಕೆಂಪು ಮಸಾರಿ ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ. ಹ್ಯೂಮಸ್ ಅಲ್ಲಿ ನೀರನ್ನು ಹಿಡಿದಿಡುತ್ತದೆ. ಒಂದೇ ಗೊಬ್ಬರ ಎರಡು ಮಣ್ಣಿನಲ್ಲಿ ಎರಡು ಕೆಲಸ ಮಾಡುತ್ತದೆ!

ಇಂದೋರಿನಿಂದ ಬೆಂಗಳೂರಿಗೆ

ತಿಪ್ಪೆ ಹಾಕುವುದು ನಮ್ಮ ರೈತರಿಗೆ ಹೊಸದಲ್ಲ. ಅದನ್ನು ವಿಜ್ಞಾನದ ಕ್ರಮದಲ್ಲಿ ಪರೀಕ್ಷಿಸಿದವರಲ್ಲಿ ಆಲ್ಬರ್ಟ್ ಹೊವಾರ್ಡ್ ಮತ್ತು ಯಶವಂತ ವಾಡ್ ಮುಖ್ಯರು. ಇಂದೋರಿನ ಸಂಶೋಧನಾ ಸಂಸ್ಥೆಯಲ್ಲಿ 1924ರಿಂದ 1931ರವರೆಗೆ ಅವರು ಪ್ರಯೋಗ ಮಾಡಿದರು. ಪದರ ಪದರವಾಗಿ ಹಾಕಿ, ಮಗುಚಿ, ಗಾಳಿ ಕೊಟ್ಟು ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಮಾಡುವ ಈ ಕ್ರಮಕ್ಕೆ ಇಂದೋರ್ ವಿಧಾನ ಎಂದು ಹೆಸರು ಬಂತು. ನಾವು ಮೇಲೆ ಹೇಳಿದ್ದು ಇದರ ಮಾದರಿಯನ್ನೇ.

ನಂತರ 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು ಊರಿನ ಕಸಕ್ಕಾಗಿ ಬೇರೊಂದು ಕ್ರಮ ರೂಪಿಸಿದರು. ಗುಂಡಿಯಲ್ಲಿ ಪದರ ಹಾಕಿ ಮೇಲೆ ಮಣ್ಣು ಮೆತ್ತಿ ಮುಚ್ಚಿಬಿಡುವುದು. ಮಗುಚುವ ಕೆಲಸವಿಲ್ಲ, ನೀರೂ ಕಡಿಮೆ ಸಾಕು. ಆದರೆ ಆರರಿಂದ ಎಂಟು ತಿಂಗಳು ಕಾಯಬೇಕು. ಇದು ಬೆಂಗಳೂರು ವಿಧಾನ. ಬೇಸಿಗೆ ರಜೆಯಲ್ಲಿ ಶಾಲೆಯಲ್ಲಿ ಮಗುಚುವವರು ಇಲ್ಲದಿದ್ದರೆ ಈ ವಿಧಾನ ಅನುಕೂಲ.

ಮಾಡಿ ನೋಡಿ

ಪ್ರಯೋಗಾಲಯದ ಉಷ್ಣತಾಮಾಪಕವನ್ನು ದಾರ ಕಟ್ಟಿ, ಕೋಲಿನಿಂದ ಮಾಡಿದ ರಂಧ್ರದಲ್ಲಿ ಇಳಿಸಿ ಐದು ನಿಮಿಷ ಬಿಡಿ. ಜ್ವರ ನೋಡುವ ಉಷ್ಣತಾಮಾಪಕ ಬೇಡ. ಅದು 42 ಡಿಗ್ರಿವರೆಗೆ ಮಾತ್ರ ತೋರಿಸುತ್ತದೆ, ಹೆಚ್ಚಾದರೆ ಒಡೆಯುತ್ತದೆ. ಮಾಪಕ ಇಲ್ಲದಿದ್ದರೆ ಕಬ್ಬಿಣದ ಸಲಾಕೆ ಹತ್ತು ನಿಮಿಷ ಚುಚ್ಚಿಟ್ಟು ತೆಗೆದು ಬಿಸಿ ನೋಡಿ. ದಿನ, ಹೊರಗಿನ ಉಷ್ಣತೆ, ಒಳಗಿನ ಉಷ್ಣತೆ, ವಾಸನೆ, ಎತ್ತರ ಎಂದು ಐದು ಅಂಕಣದ ಪಟ್ಟಿ ಮಾಡಿ 30 ದಿನ ಬರೆಯಿರಿ. ನಕ್ಷೆ ಕಾಗದದಲ್ಲಿ ಬಿಡಿಸಿ. ಮಗುಚಿದ ದಿನಗಳಲ್ಲಿ ಗೆರೆ ಹೇಗೆ ಏರಿಳಿಯಿತು? ಏಕೆ? ಗುಂಪಿನಲ್ಲಿ ಚರ್ಚಿಸಿ.

ಕೆಲಸವನ್ನು ಹುಡುಗರು, ಹುಡುಗಿಯರು ಎಲ್ಲರೂ ಸರದಿಯಂತೆ ಮಾಡಿ. ಲದ್ದಿ ಎತ್ತುವುದು ಒಬ್ಬರ ಕೆಲಸ, ಬರೆಯುವುದು ಇನ್ನೊಬ್ಬರ ಕೆಲಸ ಎಂದು ಹಂಚಬೇಡಿ. ಮಣ್ಣಿಗೆ ಊಟ ಕೊಡುವ ಕೆಲಸದಲ್ಲಿ ಮೇಲು ಕೀಳು ಇಲ್ಲ.

ಹೊಲದಿಂದ ನಾವು ಪ್ರತಿ ವರ್ಷ ಚೀಲ ಚೀಲ ಕಾಳು, ಹತ್ತಿ, ಭತ್ತ ತರುತ್ತೇವೆ. ಹಿಂದಿರುಗಿಸಿ ಕೊಡುವುದು ಎಷ್ಟು? ಈ ಪ್ರಶ್ನೆಯನ್ನು ಇಂದು ಮನೆಗೆ ಹೋಗಿ ಅಪ್ಪನನ್ನು, ಅವ್ವನನ್ನು ಕೇಳಿ. ಅವರು ಹೇಳಿದ್ದನ್ನು ಬರೆದುಕೊಂಡು ಬನ್ನಿ.